ಕಣ್ಣು ಮುಚ್ಚುವ ಬಣ್ಣ

ಬ್ಯಾಡಗಿಯ ನಮ್ಮ ಮನೆ ನೆನಪಿಗೆ ಬಂದಾಗಲೆಲ್ಲ ಮೊದಲು ಕಾಣುವುದು ಅದರ ಮಾಳಿಗೆಯ ಒಳಮೈ. ಹೊಗೆ ಕುಡಿದು ಕಪ್ಪಾದ ಒಂಬತ್ತು ತೊಲೆ, ನಡುವೆ ಒಂದು ಬೆಳಕಿಂಡಿ. ಬೀದಿಯ ಬಾಗಿಲಿಗೆ ಯಾವ ಬಣ್ಣ ಬಳಿದಿದ್ದರು ಎಂದು ಕೇಳಿದರೆ ತಡವರಿಸುತ್ತೇನೆ. ಎಷ್ಟನೆಯ ತೊಲೆಯ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಯಾವ ತೊಲೆಯ ಗಂಟು ಎಮ್ಮೆಯ ಮೋರೆಯ ಹಾಗಿತ್ತು ಎಂಬುದನ್ನು ಮಾತ್ರ ಈಗಲೂ ತಪ್ಪಿಲ್ಲದೆ ಹೇಳುತ್ತೇನೆ. ನನ್ನ ಹತ್ತನೆಯ ವಯಸ್ಸಿನ ಬಹುಪಾಲು ಸಂಜೆಗಳನ್ನು ನಾನು ಪಡಸಾಲೆಯಲ್ಲಿ ಅಂಗಾತ ಮಲಗಿ ಕಳೆದೆ. ಪಕ್ಕದಲ್ಲಿ ಕೌದಿಯ ಮೇಲೆ ತಮ್ಮ ಚನ್ನಬಸವ, ನಮ್ಮೆಲ್ಲರ ಬಾಯಲ್ಲಿ ಚನ್ನು. ಹುಟ್ಟಿದಾಗ ಅವನು ಅಳಲಿಲ್ಲ. ಅಳುವುದಕ್ಕೆ ತಡಮಾಡಿದ ಆ ಕೆಲವು ನಿಮಿಷ ಮಿದುಳಿಗೆ ಉಸಿರು ಸಾಲದೆ ಹೋಯಿತೆಂದು ಡಾಕ್ಟರು ಹೇಳಿದ್ದರಂತೆ. ನಾಲ್ಕು ತುಂಬಿದರೂ ಕುತ್ತಿಗೆ ಗಟ್ಟಿ ನಿಲ್ಲುತ್ತಿರಲಿಲ್ಲ, ಮುಷ್ಟಿ ಬಿಚ್ಚುತ್ತಿರಲಿಲ್ಲ, ಬಾಯಿಂದ ಒಂದು ಮಾತು ಬಂದಿರಲಿಲ್ಲ. ಕಣ್ಣು ಮಾತ್ರ ದೊಡ್ಡವು, ಎಷ್ಟೋ ಹೊತ್ತಿಗೊಮ್ಮೆ ನಿಧಾನವಾಗಿ ಹೊರಳುತ್ತಿದ್ದವು. ಅವನು ಏನು ನೋಡುತ್ತಾನೆಂದು ತಿಳಿಯುವ ಹುಚ್ಚು ನನಗೆ. ಅವನ ತಲೆಗೆ ತಲೆ ಹಚ್ಚಿ ಮಲಗಿ, ಅವನು ನೋಡುವ ಕಡೆಗೇ ನೋಡುತ್ತಿದ್ದೆ. ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು ಬರುತ್ತಿತ್ತು. ಅದರೊಳಗೆ ಧೂಳು ಏಳುತ್ತಿತ್ತು, ಸುತ್ತುತ್ತಿತ್ತು, ಇಳಿಯುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಇಬ್ಬರೂ ಕಣ್ಣು ತೆರೆದುಕೊಂಡೇ ಎಲ್ಲಿಗೋ ಹೋಗಿಬಿಡುತ್ತಿದ್ದೆವು.

ಸುಗ್ಗಿಯಲ್ಲಿ ಆ ಧೂಳು ಕೆಂಪಗಿರುತ್ತಿತ್ತು. ನಮ್ಮದು ಮೆಣಸಿನಕಾಯಿಯ ಊರು, ಮೆಣಸಿನಕಾಯಿಯ ಮನೆ. ಅಪ್ಪ ಪೇಟೆಯಲ್ಲಿ ಒಬ್ಬ ಖರೀದಿದಾರರ ಬಳಿ ಕಾಯಿ ನೋಡುವ ಕೆಲಸದಲ್ಲಿದ್ದ. ಕಾಯಿ ನೋಡುವುದೆಂದರೆ ನೋಡುವುದೇ: ಚೀಲದಿಂದ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದು, ಒಂದನ್ನು ಮುರಿದು, ಇದಕ್ಕೆ ಇಬ್ಬನಿ ತಾಗಿದೆ, ಇದನ್ನು ಅವಸರದಲ್ಲಿ ಒಣಗಿಸಿದ್ದಾರೆ, ಇದರ ಬಣ್ಣ ಮುಂದಿನ ದೀಪಾವಳಿಯವರೆಗೂ ನಿಲ್ಲುತ್ತದೆ ಎಂದು ಹೇಳುವುದು. ಅಪ್ಪನ ಕಣ್ಣಿನ ಮೇಲೆ ಪೇಟೆಯಲ್ಲಿ ಭಾರೀ ನಂಬಿಕೆ. ಅವ್ವ ಮತ್ತು ಆಯಿ, ಅಂದರೆ ಅಪ್ಪನ ತಾಯಿ, ಮನೆಗೆ ಬಂದ ಚೀಲಗಳನ್ನು ಪಡಸಾಲೆಯಲ್ಲಿ ಸುರಿದುಕೊಂಡು ತೊಟ್ಟು ಬಿಡಿಸುತ್ತ, ಬಣ್ಣಗೆಟ್ಟ ಬಿಳಿಗಾಯಿಗಳನ್ನು ಬೇರೆ ಗುಡ್ಡೆ ಹಾಕುತ್ತ ಕೂರುತ್ತಿದ್ದರು. ಪರಊರಿನವರು ಯಾರಾದರೂ ಬಂದರೆ ಹೊಸ್ತಿಲಲ್ಲೇ ಸೀನುತ್ತಿದ್ದರು. ನಾವು ಸೀನುತ್ತಿರಲಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಚೀಲದಷ್ಟು, ಖಾರ ಚಿಟಿಕೆಯಷ್ಟು. ಸೀನುವವರು ಧೂಳಿಗೆ ಸೀನುತ್ತಾರೆಯೇ ಹೊರತು ಖಾರಕ್ಕಲ್ಲ ಎಂದು ಆಯಿ ಬಂದವರ ಕೂಡ ಜಗಳಕ್ಕೇ ನಿಲ್ಲುತ್ತಿದ್ದಳು. ಅವಳಿಗೆ ಯಾರಾದರೂ ನಮ್ಮೂರ ಕಾಯಿಯನ್ನು ಖಾರ ಅಂದರೂ ಸಿಟ್ಟು, ಸಪ್ಪೆ ಅಂದರೂ ಸಿಟ್ಟು.

ಆ ಮನೆಯ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು, ನಾಚಿಕೆಯಾದರೂ. ಚನ್ನುವಿನ ವಿಷಯ ಮಾತಾಡುವಾಗ ನಮ್ಮಲ್ಲಿ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ನನ್ನ ಬಗ್ಗೆ ಏನಾದರೂ ಆಡುವುದಿದ್ದರೆ "ಸುಮಿ, ಒಂದ ಕೊಡ ನೀರ ತಗೊಂಡ ಬಾ" ಎಂದು ಹಿತ್ತಲಿಗೆ ಅಟ್ಟುತ್ತಿದ್ದರು. ಚನ್ನುವನ್ನು ಎಲ್ಲಿಗೂ ಅಟ್ಟುವಂತಿರಲಿಲ್ಲ, ಅಟ್ಟಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಬಳೆ ತೊಡಿಸಲು ಬಂದವಳು, ಹಾಲಿನವಳು, ಲಗ್ನದ ಕರೆ ಹೇಳಲು ಬಂದ ನೆಂಟರು, ಎಲ್ಲರೂ ಅವನ ಪಕ್ಕದಲ್ಲೇ ಕುಳಿತು, ಚಹಾ ಕುಡಿದು, ಅವನ ಹಣೆಬರಹವನ್ನು ಗಟ್ಟಿಯಾಗಿ ಓದಿ ಎದ್ದುಹೋಗುತ್ತಿದ್ದರು. ಅಪ್ಪ ಕೆಟ್ಟವನಲ್ಲ. ನನಗೆ ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಅಂಗಳದಲ್ಲಿ ತಿರುಗುತ್ತಿದ್ದ. ಆದರೆ ಮಗನ ಮಟ್ಟಿಗೆ ಅವನೊಳಗೆ ಏನೋ ಮುರಿದುಹೋಗಿತ್ತು. ಔಷಧ ತರುತ್ತಿದ್ದ, ಎತ್ತಿ ಮಲಗಿಸುತ್ತಿದ್ದ, ಒಂದು ಮಾತು ಆಡುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅವ್ವನಿಗೆ ಅಂದ:

"ಅದಕ್ಕೇನ ತಿಳಿತೈತಿ? ಹೊಟ್ಟಿಗೆ ಹಾಕೋದು, ತೊಳಿಯೋದು. ನಾವಿರೋತನಕ ನಾವು. ಆಮ್ಯಾಲೆ ಯಾರು? ನಮ್ಮಕಿಂತ ಮೊದಲ ದೇವರು ಕರಕೊಂಡ್ರ ಪುಣ್ಯಾ ಬರತೈತಿ ಅವಂಗ."

ಚನ್ನು ಅಪ್ಪನ ತಟ್ಟೆಯಿಂದ ಒಂದು ಮೊಳದ ಅಂತರದಲ್ಲಿ ಮಲಗಿದ್ದ. ಅವ್ವ ಕೇಳದಿದ್ದರೂ ಇನ್ನೊಂದು ರೊಟ್ಟಿ ತಂದು ಅಪ್ಪನ ತಟ್ಟೆಗೆ ಹಾಕಿ, ಒಲೆಯ ಕಡೆಗೆ ತಿರುಗಿ ಕುಳಿತಳು.

ರಾಣೆಬೆನ್ನೂರಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಬ್ಬ ಟೀಚರು ಇದ್ದಾರೆಂದು ಅವ್ವನಿಗೆ ಹೇಳಿದವರು ಆಸ್ಪತ್ರೆಯ ನರ್ಸಮ್ಮ. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತೇವೆ. ನಾನೂ ಹಾಗೆಯೇ ಕರೆಯುತ್ತೇನೆ. ಬುಧವಾರ ಮತ್ತು ಶನಿವಾರ ಅವ್ವ ಚನ್ನುವನ್ನು ಬಗಲಲ್ಲಿ ಎತ್ತಿಕೊಂಡು, ನನ್ನ ಕೈಯಲ್ಲಿ ಬುತ್ತಿಯ ಚೀಲ ಕೊಟ್ಟು, ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದಳು. ಶನಿವಾರ ನನ್ನ ಶಾಲೆ ಬೆಳಗಿನದು, ಬುಧವಾರ ಸುಳ್ಳು ಹೊಟ್ಟೆನೋವು. ಆ ಗಾಡಿಯ ಪ್ರಯಾಣ ನನ್ನ ಬಾಲ್ಯದ ಅತಿ ಉದ್ದನೆಯ ಕನಸು. ಕಿಟಕಿಯಾಚೆ ಹತ್ತಿಯ ಹೊಲ, ಗೋವಿನಜೋಳದ ಹೊಲ, ಮಧ್ಯೆ ಮಧ್ಯೆ ಒಣಹಾಕಿದ ಮೆಣಸಿನಕಾಯಿಯ ಕಣಗಳು ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಗಾಡಿಯ ಸದ್ದಿಗೆ ಚನ್ನುವಿನ ಬಿಗಿದ ಮೈ ಸಡಿಲಾಗುತ್ತಿತ್ತು. ಅವನ ಬಾಯಿಂದ ಒಂದು ಬಗೆಯ ಗುಂಯ್ ಎನ್ನುವ ಸ್ವರ ಬರುತ್ತಿತ್ತು, ಅದು ಮನೆಯಲ್ಲಿ ಎಂದೂ ಕೇಳಿಸದ ಸ್ವರ. ಅವ್ವ ಅದಕ್ಕೆ ತಾನೂ ಗುಂಯ್ ಎನ್ನುತ್ತಿದ್ದಳು. ಎದುರಿಗೆ ಕುಳಿತವರು ಮುಖ ಮುಖ ನೋಡಿಕೊಂಡರೆ ನಾನು ಅವರನ್ನು ದುರುಗುಟ್ಟಿ ನೋಡುತ್ತಿದ್ದೆ. ದುರುಗುಟ್ಟುವ ಆ ಚಟ ಇನ್ನೂ ಬಿಟ್ಟಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ.

ಅಕ್ಕೋರದು ಸ್ಟೇಷನ್ನಿನಿಂದ ಆಟೋದಲ್ಲಿ ಹೋಗಬೇಕಾದ ಒಂದು ಹಂಚಿನ ಮನೆಯ ಮುಂಭಾಗದ ಕೋಣೆ. ನೆಲಕ್ಕೆ ಜಮಖಾನೆ, ಗೋಡೆಗೆ ಏನೂ ಇಲ್ಲ. ಗೋಡೆಯ ತುಂಬ ಚಿತ್ರ ಹಚ್ಚಿದರೆ ಇಂಥ ಮಕ್ಕಳ ಕಣ್ಣಿಗೆ ಎಲ್ಲವೂ ಕಲಸಿಹೋಗುತ್ತದೆ ಎನ್ನುತ್ತಿದ್ದರು. ಚನ್ನುವಿನ ಕಣ್ಣಿನಲ್ಲಿ ದೋಷವಿಲ್ಲ, ಕಣ್ಣು ಕಂಡದ್ದನ್ನು ಮಿದುಳು ಎತ್ತಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಮೊದಲ ದಿನವೇ ತಿಳಿಸಿ ಹೇಳಿದರು. ಏನನ್ನಾದರೂ ತೋರಿಸಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಬೇಕು. ನಾವು ಮನೆಯಲ್ಲಿ ಎಂದೂ ಎರಡಕ್ಕಿಂತ ಹೆಚ್ಚು ಎಣಿಸಿರಲಿಲ್ಲ.

"ಬಣ್ಣಾ ಕಲಿಸೋದು ಅಂದ್ರ ಬಾಯಿಪಾಠ ಅಲ್ಲ ನೋಡ್ರಿ," ಎಂದು ಅಕ್ಕೋರು ಅವ್ವನಿಗೆ ಹೇಳಿದ್ದು ನನಗೆ ಹಾಗೆಯೇ ನೆನಪಿದೆ. "ಮೊದಲ ಜೋಡಿ ಹಚ್ಚೋದು. ಹಳದಿ ಜೋಡಿ ಹಳದಿ. ಅದಾದ ಮ್ಯಾಲೆ ಹೆಸರ ಕೇಳಿ ತೋರಸೋದು. ಕಟ್ಟಕಡೀಗೆ ತಾನ ಹೆಸರ ಹೇಳೋದು. ನಾವು ಕಡೀದನ್ನ ಮೊದಲ ಕೇಳತೀವಿ, ಕೂಸು ಹೇಳಲಿಲ್ಲಂದ್ರ ದಡ್ಡ ಅಂತೀವಿ. ಮನ್ಯಾಗ ಬಣ್ಣಬಣ್ಣದ್ದು ಏನೈತಿ?"

ಅವ್ವ ಸ್ವಲ್ಪ ಯೋಚಿಸಿ, "ಕೌದಿ ಐತ್ರಿ," ಎಂದಳು.

ಅಂದಿನಿಂದ ಆಯಿ ಹೊಲಿದ ಕೌದಿಯೇ ಚನ್ನುವಿನ ಪಾಟಿ, ಅದೇ ಅವನ ಸ್ಲೇಟು. ಹಳೆಯ ಸೀರೆ, ಕುಪ್ಪಸ, ಅಪ್ಪನ ಅಂಗಿಗಳ ತುಂಡುಗಳನ್ನು ಒಂದರ ಪಕ್ಕ ಒಂದು ಕೂಡಿಸಿ ಹೊಲಿದ ಕೌದಿ. ಅವ್ವ ಅದನ್ನು ಮಡಿಸಿ ಎರಡೇ ತುಂಡು ಕಾಣುವಂತೆ ಹಿಡಿದು, ಇನ್ನೊಂದು ಕೈಯಲ್ಲಿ ಅರಿಷಿಣ ಬಣ್ಣದ ಚಿಂದಿಯನ್ನು ಅವನ ಮುಖದ ಮುಂದೆ ಎತ್ತಿ "ನೋಡಪಾ, ಹಳದಿ" ಎನ್ನುತ್ತಿದ್ದಳು. ನಾವಿಬ್ಬರೂ ಮನಸ್ಸಿನಲ್ಲಿ ಎಣಿಸುತ್ತಿದ್ದೆವು. ಏಳಕ್ಕೋ ಎಂಟಕ್ಕೋ ಚನ್ನುವಿನ ಕಣ್ಣು ಹೊರಡುತ್ತಿತ್ತು. ತುಸು ಅಲೆದು, ದಾರಿ ತಪ್ಪಿ, ಕೊನೆಗೆ ಹಳದಿ ತುಂಡಿನ ಮೇಲೆ ಬಂದು ಕೂರುತ್ತಿತ್ತು. ಮೊದಲ ಸಲ ಹಾಗಾದಾಗ ಅವ್ವ ನಂಬಲಿಲ್ಲ. ಎಡಗಡೆಯದನ್ನು ಬಲಗಡೆಗೆ ಮಾಡಿ ಮತ್ತೆ ಕೇಳಿದಳು. ಮತ್ತೆ ಹಳದಿ. ಆಯಿಗೆ ಈ ಪಾಠವೆಂದರೆ ಬೇರೆಯೇ ಸಂಭ್ರಮ. "ಅದು ನಿಮ್ಮತ್ತಿ ಲಗ್ನದಾಗ ಉಟ್ಟ ಸೀರಿ ನನ್ನ ಬಂಗಾರಾ, ಎಂಥಾ ಚಲೋ ಕಾಣತಿದ್ಲು ಗೊತ್ತೇನ," ಎಂದು ಒಂದೊಂದು ತುಂಡಿಗೂ ಒಂದೊಂದು ಕಥೆ ಜೋಡಿಸಿ, ಎಣಿಕೆಯನ್ನೇ ಕೆಡಿಸುತ್ತಿದ್ದಳು. ಒಂದು ತಿಂಗಳಲ್ಲಿ ಹಳದಿ ಬಂತು, ಹಸಿರು ಬಂತು.

ಕೆಂಪು ಬರಲಿಲ್ಲ. ಬಣ್ಣದ ಪೇಟೆಯಲ್ಲಿ ಹುಟ್ಟಿದ ಹುಡುಗನಿಗೆ ಕೆಂಪೇ ಬರಲಿಲ್ಲ. ಕೆಂಪು ಚಿಂದಿ ಹಿಡಿದರೆ ಚನ್ನು ಕಣ್ಣು ಮುಚ್ಚುತ್ತಿದ್ದ. ಅಕ್ಕೋರ ಕೋಣೆಯಲ್ಲಿ ಕೆಂಪು ಡಬ್ಬಿಯ ಮುಚ್ಚಳ ಹಿಡಿದರೂ ಅಷ್ಟೇ, ಕೆಂಪು ಬಳೆ ಹಿಡಿದರೂ ಅಷ್ಟೇ. ಇಂಥ ಮಕ್ಕಳು ಕೆಂಪನ್ನು ಬೇಗ ಹಿಡಿಯುವುದನ್ನೇ ತಾವು ಹೆಚ್ಚಾಗಿ ಕಂಡಿರುವುದೆಂದು ಅಕ್ಕೋರಿಗೂ ಆಶ್ಚರ್ಯ. ಹತ್ತು ಎಣಿಸಿದರು, ಇಪ್ಪತ್ತು ಎಣಿಸಿದರು. ಅವನು ರೆಪ್ಪೆ ಮುಚ್ಚಿಕೊಂಡೇ ಇರುತ್ತಿದ್ದ. ನೋಟ್‌ಬುಕ್ಕಿನಲ್ಲಿ ಹಳದಿ, ಹಸಿರಿನ ಮುಂದೆ ಗುರುತು ಬಿದ್ದು, ಕೆಂಪಿನ ಮುಂದೆ ಎರಡು ತಿಂಗಳು ಖಾಲಿ ಉಳಿಯಿತು. ಸಣ್ಣ ಮೂರ್ಛೆ ಬರುತ್ತಿರಬಹುದೇನೋ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರು. ಅವ್ವ ತೋರಿಸಿದಳು. ಕಣ್ಣು ಮುಚ್ಚುತ್ತಾನೆ ಎಂದು ಅವಳು ಹೇಳಿದ್ದನ್ನು ಕೇಳಿ ಡಾಕ್ಟರು ಔಷಧ ತುಸು ಹೆಚ್ಚಿಸಿದರು. ಚನ್ನು ಮಂಕಾದ. ಗಾಡಿಯಲ್ಲಿ ಗುಂಯ್ ಅನ್ನುವುದೂ ನಿಂತಿತು. ಕೆಂಪಿಗೆ ಕಣ್ಣು ಮುಚ್ಚುವುದು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಅಕ್ಕೋರು ಒಂದು ಸುದ್ದಿ ಹೇಳಿದ್ದರು. ಜೂನ್‌ನಿಂದ ಆರು ಮಕ್ಕಳಿಗೆ ದಿನಾಲೂ ಕ್ಲಾಸು ನಡೆಸುತ್ತಾರೆ. ಚನ್ನುವನ್ನೂ ತರುವುದಾದರೆ ಒಂದು ಜಾಗ ಇಡುತ್ತಾರೆ. ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ. ಅಂದರೆ ಅವ್ವ ದಿನಾ ಗಾಡಿ ಹತ್ತಬೇಕು, ಮನೆಯ ಕೆಲಸ ಆಯಿಯ ತಲೆಯ ಮೇಲೆ ಬೀಳುತ್ತದೆ, ಎಲ್ಲಕ್ಕೂ ಮೊದಲು ಅಪ್ಪ ಹೂಂ ಅನ್ನಬೇಕು. ಅಪ್ಪ ಹೂಂ ಅನ್ನಲಿಲ್ಲ.

"ತಿಳಿಯೋ ಕೂಸಾಗಿದ್ರ ನಾನ ಹೊತಗೊಂಡ ಹೋಗತಿದ್ನಿ. ಅದಕ್ಕ ಕೆಂಪು ಸೈತ ತಿಳಿಯಂಗಿಲ್ಲ. ಯಾತಕ್ಕ ಆ ಜೀವಾ ಹಣ್ಣ ಮಾಡತಿ?"

ಈಗ ಆಯಿಯ ಮಂಗಳವಾರದ ವಿಷಯ ಹೇಳಬೇಕು. ಪ್ರತಿ ಮಂಗಳವಾರ ಮತ್ತು ಅಮಾವಾಸ್ಯೆ ಸಂಜೆ ದೀಪ ಹಚ್ಚಿದ ಮೇಲೆ ಆಯಿ ಚನ್ನುವಿಗೆ ದೃಷ್ಟಿ ತೆಗೆಯುತ್ತಿದ್ದಳು. ನಮ್ಮ ಕಡೆ ನೆದರು ತೆಗೆಯುವುದು ಅನ್ನುತ್ತಾರೆ. ಒಂದು ಹಿಡಿ ಒಣ ಮೆಣಸಿನಕಾಯಿ, ನಾಲ್ಕು ಹರಳುಪ್ಪು ಮುಷ್ಟಿಯಲ್ಲಿ ಹಿಡಿದು, ಅವನ ಮುಖದ ಮುಂದೆ ಮೂರು ಸುತ್ತು ಇಳಿಸಿ, "ಹೋದವರ ಕಣ್ಣು, ಬಂದವರ ಕಣ್ಣು, ಕಂಡವರ ಕಣ್ಣು" ಎಂದು ತನ್ನಷ್ಟಕ್ಕೆ ಗೊಣಗಿ, ಹಣೆಗೆ ಉಫ್ ಎಂದು ಊದಿ, ಹಿಡಿಯನ್ನು ಒಲೆಗೆ ಎಸೆಯುತ್ತಿದ್ದಳು. ಕಾಯಿ ಸುಟ್ಟು ಘಾಟು ಎದ್ದರೆ ದೃಷ್ಟಿ ಇರಲಿಲ್ಲ ಎಂದು, ಘಾಟು ಬರದಿದ್ದರೆ ದೃಷ್ಟಿ ತಾಗಿತ್ತು ಎಂದು ಲೆಕ್ಕ. ನಮ್ಮೂರ ಕಾಯಿಗೆ ಖಾರವೇ ಇಲ್ಲದ ಮೇಲೆ ಘಾಟು ಎಲ್ಲಿಂದ ಬರಬೇಕು? ಪ್ರತಿ ಸಲವೂ ದೃಷ್ಟಿ ತಾಗಿಯೇ ಇರುತ್ತಿತ್ತು. ಆಯಿ ಪ್ರತಿ ಸಲವೂ ಗಾಬರಿಯಾಗುತ್ತಿದ್ದಳು, ಮುಂದಿನ ಮಂಗಳವಾರಕ್ಕೆ ಇನ್ನೆರಡು ಕಾಯಿ ಹೆಚ್ಚಿಗೆ ಹಿಡಿಯುತ್ತಿದ್ದಳು. ನೀನು ಗುಂಟೂರಿನ ಕಾಯಿ ತಂದು ಸುಡು ಎಂದು ಅಪ್ಪ ನಗುತ್ತಿದ್ದ. ಚನ್ನು ಹುಟ್ಟಿದಾಗಿನಿಂದ ನಡೆದುಬಂದ ಈ ಪೂಜೆಯನ್ನು ನಾನು ನೋಡಿದ್ದೆನೇ ಹೊರತು ಗಮನಿಸಿರಲಿಲ್ಲ; ಮನೆಯ ಗಡಿಯಾರದ ಸದ್ದನ್ನು ಯಾರು ಕೇಳುತ್ತಾರೆ?

ಆ ಮಂಗಳವಾರ ನಾನು ಎಂದಿನಂತೆ ಚನ್ನುವಿನ ಪಕ್ಕ ಮಲಗಿದ್ದೆ. ದೀಪದ ಬೆಳಕು ತೊಲೆಗಳ ಮೇಲೆ ತೂಗುತ್ತಿತ್ತು, ನನಗೆ ಮಂಪರು. ಆಯಿ ಬಂದು ಮಂಡಿಯೂರಿ ಕುಳಿತು ಮುಷ್ಟಿ ಎತ್ತಿದಳು. ಬೆರಳ ಸಂದಿಯಿಂದ ಕೆಂಪು ಕಾಯಿಗಳು ಇಣುಕುತ್ತಿದ್ದವು.

"ಕಣ್ಣ ಮುಚ್ಚ ನನ್ನ ಬಂಗಾರಾ, ಕಣ್ಣಾಗ ಪುಡಿ ಬಿದ್ದೀತು," ಎಂದಳು.

ಅವಳು ಹೇಳುವುದಕ್ಕೆ ಮೊದಲೇ ಚನ್ನು ಕಣ್ಣು ಮುಚ್ಚಿದ್ದ. ಬರೀ ಮುಚ್ಚಿರಲಿಲ್ಲ, ಗಟ್ಟಿ ನಿಲ್ಲದ ಆ ಕುತ್ತಿಗೆಯನ್ನು ಕಷ್ಟಪಟ್ಟು ತುಸು ಹಿಂದೆ ಒಗೆದು, ಗದ್ದ ಮೇಲೆತ್ತಿ, ಹಣೆ ಮುಂದೊಡ್ಡಿ, ಆಯಿಯ ಉಫ್ ಬರುವುದನ್ನು ಕಾಯುತ್ತಿದ್ದ. ನಾನು ಎದ್ದು ಕುಳಿತೆ. ಅಕ್ಕೋರ ಕೋಣೆಯಲ್ಲಿ ಕೆಂಪು ಮುಚ್ಚಳದ ಮುಂದೆ ಅವನು ಹೀಗೆಯೇ ಗದ್ದ ಎತ್ತುತ್ತಿದ್ದ. ಅದನ್ನು ಕಂಡೂ ನಾವು ಮೈ ಬಿಗಿಯಿತು, ಮೂರ್ಛೆ ಬಂತು ಎಂದುಕೊಂಡಿದ್ದೆವು.

ಆಯಿ ಒಲೆಯ ಕಡೆಗೆ ಹೋದ ಮೇಲೆ ನನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಅವನ ಮುಖದ ಮುಂದೆ ಹಿಡಿದೆ. ಎಣಿಸಿದೆ. ಐದಕ್ಕೆಲ್ಲ ಕಣ್ಣು ಮುಚ್ಚಿತು, ಗದ್ದ ಏರಿತು. ಹಳದಿ ಚಿಂದಿ ಹಿಡಿದೆ. ಕಣ್ಣು ತೆರೆದೇ ಇತ್ತು. ಮತ್ತೆ ರಿಬ್ಬನ್. ಮತ್ತೆ ಮುಚ್ಚಿದ. ಈ ಸಲ ನಾನು ಅವನ ಹಣೆಗೆ ಉಫ್ ಎಂದು ಊದಿದೆ. ಕಣ್ಣು ಬಿಟ್ಟ, ನನ್ನನ್ನು ನೋಡಿದ, ಬಾಯಿ ಅಗಲ ಮಾಡಿ ನಕ್ಕ. ಔಷಧದ ಮಂಕು ಹತ್ತಿದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನಾನು ಅವ್ವಾ ಎಂದು ಕೂಗಿದ ಕೂಗಿಗೆ ಆಯಿ ಕೈಯಲ್ಲಿದ್ದ ಇಕ್ಕಳ ಬಿಟ್ಟಳು.

ಆಮೇಲೆ ಆದದ್ದು ನಮ್ಮ ಮನೆಯ ಇತಿಹಾಸದಲ್ಲೇ ದೊಡ್ಡ ಜಗಳ. ಅವ್ವ ಅತ್ತೆಗೆ ಎದುರು ಮಾತಾಡಿದವಳಲ್ಲ. ಅಂದು ಒಲೆಯ ಮುಂದೆ ನಿಂತು ಎರಡು ತಿಂಗಳ ಸಿಟ್ಟನ್ನೆಲ್ಲ ಸುರಿದಳು.

"ಅತ್ತೀ, ನೀವು ಕಲಿಸಿದ್ದನ್ನ ಅಂವ ಮಾಡಾಕತ್ತಾನ್ರಿ! ನಾವು ಮೂರ್ಛಿ ಅಂತ ತಿಳದು ಔಷಧಾ ಕುಡಿಸಿ ಕುಡಿಸಿ ಕೂಸಿನ್ನ ಮಂಕ ಮಾಡಿದ್ವಿ!"

"ನಾ ಏನ ಕೆಟ್ಟದ್ದ ಮಾಡಿದ್ನವಾ? ಕಣ್ಣಾಗ ಪುಡಿ ಬಿದ್ದೀತಂತ ಮುಚ್ಚು ಅಂದೆ. ನನ್ನ ಮೊಮ್ಮಗನ ಕಣ್ಣ ಕಾಯಾಕ ಹೋಗಿ ಕಣ್ಣ ಕಟ್ಟಿದಂಗಾತೇನ?"

ಆಯಿ ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. ಅವಳು ಅತ್ತದ್ದು ಕಂಡು ಅವ್ವನ ಸಿಟ್ಟು ಇಳಿಯಿತು, ಅವ್ವನೂ ಅತ್ತಳು. ರೊಟ್ಟಿಯ ಹಿಟ್ಟು ನಾದಿದ್ದು ಒಣಗಿಹೋಯಿತು. ಅಂದು ನಾವೆಲ್ಲ ಅವಲಕ್ಕಿ ತಿಂದು ಮಲಗಿದೆವು.

ಮಾರನೆಯ ದಿನವೇ ಬುಧವಾರ. ಅಕ್ಕೋರು ಪೂರ್ತಿ ಕೇಳಿಸಿಕೊಂಡು, ಹಣೆ ಹಣೆ ಬಡಿದುಕೊಂಡು ನಕ್ಕರು. ನಗುವಾಗ ಅವರ ಕಣ್ಣಲ್ಲಿ ನೀರು. "ಎರಡ ತಿಂಗಳಿಂದ ಉತ್ತರಾ ಕೊಡಾಕತ್ತಾನ್ರಿ. ನಾವ ಪೇಪರ ತಿದ್ದಾಕ ಬಾರದವರು," ಎಂದರು. ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟರು, ಔಷಧ ಮತ್ತೆ ಮೊದಲಿನಷ್ಟಕ್ಕೆ ಇಳಿಯಿತು. ನೋಟ್‌ಬುಕ್ಕಿನಲ್ಲಿ ಕೆಂಪಿನ ಮುಂದೆ ಗುರುತು ಹಾಕಿ, ಪಕ್ಕದಲ್ಲಿ ಸಣ್ಣದಾಗಿ "ಕಣ್ಣು ಮುಚ್ಚುತ್ತಾನೆ" ಎಂದು ಬರೆದರು. ಇನ್ನು ಮೇಲೆ ನಿಂಬೆಹಣ್ಣಿನಿಂದ ದೃಷ್ಟಿ ತೆಗೆಯಲೇ ಎಂದು ಆಯಿ ಕೇಳಿಕಳಿಸಿದ್ದಳು. ಅಕ್ಕೋರು ಕೈ ಮುಗಿದರು: "ಬ್ಯಾಡ್ರೆವಾ, ಆಮ್ಯಾಲೆ ಹಳದಿಗೂ ಮುಚ್ಯಾನು. ಕೈಯಾಗ ಏನೂ ಹಿಡೀದ ಬರೇ ಉಫ್ ಅನ್ನಾಕ ಹೇಳ್ರಿ."

ಇವತ್ತು ಹಾವೇರಿಯಲ್ಲಿ ನಾನೂ ಇಂಥದೇ ಒಂದು ಕೋಣೆಯಲ್ಲಿ ಇಂಥದೇ ಮಕ್ಕಳ ಜೊತೆ ಕುಳಿತಿರುತ್ತೇನೆ. ಚನ್ನು ನನ್ನ ಜೊತೆಗೇ ಇದ್ದಾನೆ. ಈಗ ಮೀಸೆ ಬಂದಿದೆ, ಹದಿನೈದು ಮಾತು ಬರುತ್ತವೆ, ಅದರಲ್ಲಿ ಎರಡು ಬೈಗುಳ. ಮಗುವಿಗೆ ಗೊತ್ತಾಗುವುದಿಲ್ಲ ಎಂದು ಯಾರಾದರೂ ಮಗುವಿನ ಎದುರಿಗೇ ಅಂದರೆ ನಾನು ಸಿಡಿಯುತ್ತೇನೆ. ಸುಮಂಗಲಾ ಮೇಡಂ ಬಾಯಿ ಕೆಟ್ಟದ್ದು ಎಂದು ತಾಯಂದಿರು ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ.

ಅಪ್ಪ ಮಾತ್ರ ಆಗ ಕರಗಲಿಲ್ಲ. ಆ ಬುಧವಾರ ನಾವು ರಾಣೆಬೆನ್ನೂರಿನಿಂದ ಕುಣಿಯುತ್ತ ಬಂದು ಹೇಳಿದರೆ ತಲೆಯ ಮೇಲಿನ ಟೋಪಿ ತೆಗೆದು ಗೂಟಕ್ಕೆ ಹಾಕುತ್ತ ಅಂದ:

"ನಾ ದಿನಾ ನೂರ ಚೀಲದ ಬಣ್ಣಾ ನೋಡಾಂವ. ನನಗ ಬಣ್ಣಾ ಹೇಳಬ್ಯಾಡ್ರಿ. ಮಾರಿ ಮುಂದ ಮೆಣಸಿನಕಾಯಿ ಹಿಡಿದ್ರ ಹಿತ್ತಲದಾಗಿನ ಕರುನೂ ಕಣ್ಣ ಮುಚ್ಚತೈತಿ. ಅದು ರೂಢಿ. ರೂಢಿ ಬ್ಯಾರೆ, ತಿಳುವಳಿಕಿ ಬ್ಯಾರೆ."

ಕೆಟ್ಟದ್ದೆಂದರೆ, ಅಪ್ಪನ ಮಾತು ನಿಜವೂ ಆಗಿತ್ತು. ಚನ್ನು ಕೆಂಪು ವಸ್ತು ಕಂಡಾಗ ಕಣ್ಣು ಮುಚ್ಚುತ್ತಿದ್ದ, ಅಷ್ಟೇ. ಅವ್ವ ಕೆಂಪು ಚಿಂದಿ ಎತ್ತಿ "ಕೆಂಪು" ಎನ್ನುವುದು, ಅವನು ಮುಚ್ಚುವುದು, ಆಯಿ ಊದುವುದು, ಅವನು ನಗುವುದು ಬೇಸಿಗೆಯುದ್ದಕ್ಕೂ ನಡೆಯಿತು. ಮೇ ತಿಂಗಳೂ ಮುಗಿಯುತ್ತ ಬಂತು. ಜಾಗ ಬೇಕೋ ಬೇಡವೋ ತಿಳಿಸಿ ಎಂದು ಅಕ್ಕೋರು ಎರಡು ಸಲ ಪಕ್ಕದ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿಸಿದರು. ಅವ್ವ ಎರಡು ಸಲವೂ ನಾಳೆ ಹೇಳುತ್ತೇನೆ ಎಂದಳು.

ಅದೊಂದು ಭಾನುವಾರದ ಮಧ್ಯಾಹ್ನ. ಸುಗ್ಗಿಯ ಚೀಲಗಳೆಲ್ಲ ಹೋಗಿ, ಪಡಸಾಲೆಯನ್ನು ಸಗಣಿಯಿಂದ ಸಾರಿಸಿ, ಮನೆ ಬಟ್ಟಬರಿದಾಗಿ ತಂಪಾಗಿ ಬಿದ್ದುಕೊಂಡಿತ್ತು. ಅಪ್ಪ ಗೋಡೆಗೆ ಒರಗಿ ನುಚ್ಚು ಮಜ್ಜಿಗೆ ಉಣ್ಣುತ್ತಿದ್ದ. ಆಯಿ ಎದುರಿಗೆ ಕುಳಿತು ಬೀಸಣಿಗೆ ಆಡಿಸುತ್ತಿದ್ದಳು. ಚನ್ನು ಅಪ್ಪನ ಕಡೆಗೆ ಮುಖ ಮಾಡಿ ಬರಿಯ ಚಾಪೆಯ ಮೇಲೆ ಮಲಗಿದ್ದ. ಕೌದಿ ಒಗೆದು ಹಿತ್ತಲಲ್ಲಿ ಒಣಗಹಾಕಿತ್ತು. ಅವನ ಕಣ್ಣು ತೆರೆದಿತ್ತು. ಅಪ್ಪ ಆಯಿಗೆ ಆ ವರ್ಷದ ಕೊನೆಯ ಪೇಟೆಯ ಸುದ್ದಿ ಹೇಳುತ್ತಿದ್ದ.

"ಗುತ್ತಲದ ಕಡೆಯಾಂವ ಒಬ್ಬ ಹತ್ತ ಚೀಲ ತಂದಿದ್ದ ಯವ್ವಾ. ಇಷ್ಟ ವರ್ಷದಾಗ ಹಂತಾದ್ದ ನೋಡಿಲ್ಲ. ಕೆಂಪು ಅಂದ್ರ ಕೆಂಪು..."

ಮಾತು ಅಲ್ಲಿಗೇ ನಿಂತಿತು. ಅಪ್ಪ ಚನ್ನುವನ್ನು ನೋಡುತ್ತಿದ್ದ. ಚನ್ನು ಕಣ್ಣು ಮುಚ್ಚಿ, ಗದ್ದ ಎತ್ತಿ, ಹಣೆಯೊಡ್ಡಿ ಕಾಯುತ್ತಿದ್ದ.

ನಾನು ಸುತ್ತಲೂ ನೋಡಿದೆ. ಎಲ್ಲಿಯೂ ಕೆಂಪು ಇರಲಿಲ್ಲ. ಆಯಿಯ ಸೀರೆ ಕಂದು, ಅಪ್ಪನ ಬನಿಯನ್ನು ಬಿಳಿ, ಸಗಣಿಯ ನೆಲ, ಮಜ್ಜಿಗೆಯ ತಟ್ಟೆ. ಆಯಿ ಬೀಸಣಿಗೆ ಕೆಳಗಿಟ್ಟು, ಬಗ್ಗಿ ಅವನ ಹಣೆಗೆ ಊದಿದಳು. ಅವನು ಕಣ್ಣು ಬಿಟ್ಟ.

ಅಪ್ಪ, ಪೇಟೆಯಲ್ಲಿ ಮೊದಲ ಚೀಲವನ್ನು ನಂಬದೆ ಎರಡನೆಯದನ್ನು ಬಿಚ್ಚಿಸುವ ಹಾಗೆ ಬಹಳ ಮೆಲ್ಲಗೆ, "ಹಳದಿ" ಎಂದ. ನಾನು ಎಣಿಸಿದೆ. ಅಪ್ಪನ ತುಟಿಯೂ ಅಲುಗುತ್ತಿತ್ತು, ಅವನೂ ಎಣಿಸುತ್ತಿದ್ದ. ಎಣಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾವು ಮಾಡುವುದನ್ನು ನೋಡಿದ್ದನೆಂದು ಕಾಣುತ್ತದೆ. ಹತ್ತಾಯಿತು. ಕಣ್ಣು ತೆರೆದೇ ಇತ್ತು. "ಹಸರು" ಎಂದ. ತೆರೆದೇ ಇತ್ತು. "ಕೆಂಪು" ಎಂದ. ಒಂದು, ಎರಡು, ಮೂರು, ನಾಲ್ಕು, ಐದು. ರೆಪ್ಪೆ ಇಳಿಯಿತು, ಗದ್ದ ಏರಿತು. ಅಪ್ಪನ ಕೈಯ ನುಚ್ಚು ತಟ್ಟೆಗೆ ಜಾರಿ ಬಿತ್ತು.

"ಹಂಗಾರ ಇಂವಗ ಮಾತ ತಿಳಿತೈತಿ," ಎಂದ ಅಪ್ಪ. ಅಂದ ಮೇಲೆ ಅವನ ಮುಖದ ಬಣ್ಣವೇ ಇಳಿದುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆಗೆ ತಿರುಗಿದ. "ಇಷ್ಟ ದಿನಾ ನಾ ಅಂದದ್ದು..."

"ಕೇಳ್ಯಾನ್ರಿ," ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಾ ಕೇಳ್ಯಾನ."

ಅಪ್ಪ ಉಂಡ ಕೈಯನ್ನೂ ತೊಳೆಯದೆ ಮಗನ ಹತ್ತಿರ ಸರಿದು ಕುಳಿತ. ದೊಡ್ಡವರಿಗೆ ಹೇಳುವ ಹಾಗೆ ಹೇಳಿದ:

"ಚನ್ನಪ್ಪಾ, ನಿಮ್ಮಪ್ಪ ಮೂರ್ಖ ಅದಾನೋ. ನಾಲಿಗಿಗೆ ಹಿಡತ ಇಲ್ಲ. ಮನಸಿಗೆ ಹಚ್ಚಕೋಬ್ಯಾಡ. ಜೂನಿಗೆ ನಾನ ನಿನ್ನ ಸಾಲಿಗೆ ಕರಕೊಂಡ ಹೊಕ್ಕೇನಿ."

ಚನ್ನು ಅಪ್ಪನ ಮುಖವನ್ನೇ ನೋಡುತ್ತಿದ್ದ. ಆಯಿ ದೇವರಿಗೆ ಕೈ ಮುಗಿಯುತ್ತಿದ್ದಳು, ಅವ್ವ ಅಳುತ್ತ ನಗುತ್ತಿದ್ದಳು. ನಾನು ಯಾರಿಗೂ ಕಾಣದಂತೆ ಹಿತ್ತಲಿಗೆ ಹೋಗಿ ಹಸಿ ಕೌದಿಯ ಹಿಂದೆ ನಿಂತುಕೊಂಡೆ. ಒಂದು ಮಳೆಗಾಲದಲ್ಲಿ ಅವ್ವ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ, ಜ್ವರ ಬಂದ ನನ್ನನ್ನು ಎರಡು ದಿನ ಆಯಿಯ ಬಳಿ ಬಿಟ್ಟಿದ್ದಳು. ಅವರು ತಿರುಗಿ ಬಂದ ಮೇಲೆ ನಾನು ಅವನ ಕಿವಿಗೆ ಬಾಯಿ ಹಚ್ಚಿ ಒಂದು ಮಾತು ಅಂದಿದ್ದೆ. ತಿಳಿಯುವುದಿಲ್ಲ ಎಂಬ ಧೈರ್ಯದಿಂದಲೇ ಅಂದಿದ್ದೆ. ಆ ಮಾತನ್ನು ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ಅದು ನನಗೆ ಗೊತ್ತು, ಅವನಿಗೆ ಗೊತ್ತು.